ಎರಡನೇ ಹೆಬ್ಬೆಟ್ಟು

ಚಾರ್ವಿಯ ಎಡತೋಳಿನ ಚರ್ಮದಡಿಯಲ್ಲಿ ಕೂತಿದ್ದ ಕಾಳು ಬೆಳಗಿನ ಕೆಲಸವನ್ನು ಎಂದಿನಂತೆ ಮುಗಿಸಿತು. ಅವಳ ರಕ್ತದಲ್ಲಿ ಈಸ್ಟ್ರೋಜನ್ ಎಷ್ಟಿದೆಯೆಂದು ನೋಡಿತು, ಕೊಂಚ ಏರಿದೆ ಎಂದು ಕಂಡುಕೊಂಡಿತು, ಒಂದು ಹನಿಯೂ ಅಲ್ಲದಷ್ಟು ಮದ್ದು ಬಿಟ್ಟು ಸುಮ್ಮನಾಯಿತು. ಆಮೇಲೆ ಅಡುಗೆಮನೆಯಲ್ಲಿದ್ದ ಅವಳ ತಾಯಿ ರಂಜಿತಾರ ಫೋನಿಗೆ ಒಂದು ಹಸಿರು ಚುಕ್ಕಿ ಕಳಿಸಿತು. ಹಸಿರು ಎಂದರೆ ಮಗಳಿಗೆ ನೋವಿಲ್ಲ. ರಂಜಿತಾ ಚುಕ್ಕಿ ನೋಡಿ ಒಲೆಯ ಕಡೆ ತಿರುಗಿದರು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದ ಮಗಳನ್ನು ಏನೂ ಕೇಳಲಿಲ್ಲ. ನಾಲ್ಕು ವರ್ಷಗಳಿಂದ ಕೇಳುವ ಅಗತ್ಯವೇ ಬಿದ್ದಿರಲಿಲ್ಲ.

ಇದು 2061ರ ಮೈಸೂರು. ಕಾಳಿಗೆ ಒಂದು ಉದ್ದದ ವೈಜ್ಞಾನಿಕ ಹೆಸರಿದೆ, ಅದನ್ನು ಕಂಡುಹಿಡಿದವರನ್ನು ಬಿಟ್ಟರೆ ಯಾರಿಗೂ ನೆನಪಿಲ್ಲ. ಹೆಸರುಕಾಳಿನಷ್ಟು ದಪ್ಪವಿರುವುದರಿಂದ ಹೆಂಗಸರು ಅದನ್ನು ಕಾಳು ಎಂದು ಕರೆದರು, ಅದೇ ಉಳಿಯಿತು. "ಕಾಳು ಹಾಕಿಸ್ಕೊಂಡ್ಯಾ?" ಎಂದು ಸಿಟಿ ಬಸ್ಸಿನಲ್ಲೇ ಒಬ್ಬರನ್ನೊಬ್ಬರು ಕೇಳುವಷ್ಟು ಅದು ಮನೆಮಾತಾಗಿತ್ತು.

ಗರ್ಭಕೋಶದ ಒಳಪದರ ತಿಂಗಳಿಗೊಮ್ಮೆ ಕಳಚಿ ಹೊರಹೋಗುವುದು ಎಲ್ಲರಿಗೂ ಗೊತ್ತು. ಕೆಲವರಲ್ಲಿ ಅದೇ ಬಗೆಯ ಪದರ ಗರ್ಭಕೋಶದ ಹೊರಗೂ ಬೆಳೆದುಬಿಡುತ್ತದೆ, ಅಂಡಾಶಯದ ಮೇಲೆ, ಕರುಳಿನ ಮೇಲೆ. ಅದೂ ತಿಂಗಳಿಗೊಮ್ಮೆ ಸೋರುತ್ತದೆ, ಆದರೆ ಆ ರಕ್ತಕ್ಕೆ ಹೊರಗೆ ದಾರಿಯಿಲ್ಲ. ಒಳಗೊಳಗೇ ಉರಿಯೂತವಾಗುತ್ತದೆ, ಅಂಗಕ್ಕೆ ಅಂಗ ಅಂಟಿಕೊಳ್ಳುತ್ತದೆ, ನೋವು ಜೀವ ಹಿಂಡುತ್ತದೆ. ಎಂಡೊಮೆಟ್ರಿಯೋಸಿಸ್ ಎಂಬ ಈ ಹೆಸರು ಕಿವಿಗೆ ಬೀಳುವ ಹೊತ್ತಿಗೆ ನೋವು ಎಷ್ಟೋ ವರ್ಷ ಹಳೆಯದಾಗಿರುತ್ತಿತ್ತು. ಅಲ್ಲಿಯವರೆಗೆ 'ಎಲ್ಲ ಹೆಂಗಸರಿಗೂ ಇರೋದೇ' ಎಂಬ ಮಾತೇ ಮದ್ದು. ಈ ಪದರ ಬೆಳೆಯುವುದು ಈಸ್ಟ್ರೋಜನ್ ಎಂಬ ಹಾರ್ಮೋನನ್ನು ಉಂಡು. ಹಿಂದಿನ ಕಾಲದಲ್ಲಿ ಮಾತ್ರೆ, ಇಂಜೆಕ್ಷನ್ ಕೊಟ್ಟು ಆ ಊಟ ಕಡಿಮೆ ಮಾಡುತ್ತಿದ್ದರು. ನೋವು ತಗ್ಗುತ್ತಿತ್ತು, ಬದಲಿಗೆ ಮೈಯೆಲ್ಲ ಬಿಸಿಯೇರುವುದು, ನಿದ್ದೆಗೇಡು, ಮೂಳೆ ಸವೆತ, ಮನಸ್ಸಿನ ಮಂಕು ಬಂದು ಕೂರುತ್ತಿದ್ದವು. ಕಾಳು ಹಾಗಲ್ಲ. ಅದು ತೋಳಿನಲ್ಲೇ ಕೂತು ಆಗಾಗ ರಕ್ತ ಅಳೆದು ಮದ್ದು ಬಿಡುತ್ತದೆ, ಮೂಳೆಗೆ ಬೇಕಾದಷ್ಟು ಹಾರ್ಮೋನನ್ನು ಉಳಿಸುತ್ತದೆ. ಒಂದರಿಂದ ಹತ್ತರವರೆಗೆ ಅದಕ್ಕೆ ಮೆಟ್ಟಿಲುಗಳಿವೆ, ಹತ್ತರಲ್ಲಿ ಮುಟ್ಟೇ ನಿಲ್ಲುತ್ತದೆ. ಚಾರ್ವಿಯ ಕಾಳು ಮೊದಲ ದಿನದಿಂದಲೂ ಹತ್ತರಲ್ಲಿತ್ತು.

ಅವಳು ಊದುಬತ್ತಿ ಕಾರ್ಖಾನೆಯೊಂದರಲ್ಲಿ ಗಂಧ ಬೆರೆಸುವವಳು. ಬತ್ತಿ ಹೊಸೆಯುವುದನ್ನೂ ಕಟ್ಟುವುದನ್ನೂ ಯಂತ್ರಗಳಿಗೆ ಬಿಟ್ಟು ಬಹಳ ಕಾಲವಾಗಿತ್ತು. ಆದರೆ ಹಾಲ್ಮಡ್ಡಿಯ ಅಂಟಿಗೆ ಎಷ್ಟು ಲಾವಂಚ, ಎಷ್ಟು ಕೇದಿಗೆ ಎಂದು ಹೇಳಲು ಮಾಲೀಕರಾದ ಇಲಿಯಾಸ್ ಸಾಹೇಬರು ಮನುಷ್ಯರ ಮೂಗನ್ನೇ ನಂಬಿದ್ದರು. ಆ ಮೂಗು ಚಾರ್ವಿಯದು. ತಿಂಗಳಲ್ಲಿ ನಾಲ್ಕಾರು ದಿನ ನೋವಿನಿಂದ ರಜೆ ಹಾಕುತ್ತಿದ್ದಾಗಲೂ ಸಾಹೇಬರು ಅವಳನ್ನು ಬಿಟ್ಟಿರಲಿಲ್ಲ. ಕಾಳು ಬಂದ ಮೇಲೆ ಅವಳು ಒಂದು ದಿನವೂ ರಜೆ ಹಾಕಲಿಲ್ಲ. ಸಾಹೇಬರಿಗೆ ಖುಷಿಯೋ ಖುಷಿ.

ಆ ಖುಷಿ ಮೆಲ್ಲಗೆ ಕರಗಿತು. ಕಳೆದ ಶ್ರಾವಣಕ್ಕೆ ಅವಳು ಒಪ್ಪಿಗೆ ಕೊಟ್ಟು ಕಳಿಸಿದ ಕೇದಿಗೆ ಬತ್ತಿಯ ಸರಕು ಪೂರ್ತಿ ವಾಪಸು ಬಂತು. ಹಚ್ಚಿದರೆ ಕೇದಿಗೆಯ ಹಿಂದೆ ಹುಳಿ ಬಂದ ಅಂಟಿನ ನಾತ. ಅಂಗಡಿಯವರಿಗೆ, ಗಿರಾಕಿಗಳಿಗೆ, ಬತ್ತಿ ತುಂಬಿ ತಂದ ಲಾರಿಯವನಿಗೂ ಅದು ಗೊತ್ತಾಗಿತ್ತು. ಗೊತ್ತಾಗದೆ ಹೋದದ್ದು ಚಾರ್ವಿಯೊಬ್ಬಳಿಗೆ. ಅವಳು ಬತ್ತಿಯನ್ನು ಮೂಗಿನ ಹತ್ತಿರ ಹಿಡಿದು ಮತ್ತೆ ಮತ್ತೆ ಉಸಿರೆಳೆದಳು. ಕೇದಿಗೆ ಇತ್ತು, ಅದರ ಹಿಂದೆ ಏನೂ ಇರಲಿಲ್ಲ.

"ಬೇಜಾರ್ ಮಾಡ್ಕೋಬೇಡ ತಾಯಿ," ಎಂದರು ಇಲಿಯಾಸ್ ಸಾಹೇಬರು. "ಯುಗಾದಿ ಹೊತ್ಗೆ ವಾಸನೆ ನೋಡೋ ಯಂತ್ರ ತರಿಸ್ತೀನಿ. ನೀನು ಪ್ಯಾಕಿಂಗ್ ಕಡೆ ನೋಡ್ಕೊಂಡಿರು. ಸಂಬಳ ಏನೂ ಕಡಿಮೆ ಆಗಲ್ಲ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಚಾರ್ವಿ ಆ ದಿನ ಮನೆಗೆ ನಡೆದೇ ಬಂದಳು. ಅಳು ಬರಬೇಕಾಗಿತ್ತು, ಬರಲಿಲ್ಲ. ಕಾಳು ಬಂದಾಗಿನಿಂದ ಅಳುವೂ ಅಷ್ಟಕ್ಕಷ್ಟೇ. ಅವಳಿಗೆ ಬರೀ ಸುಸ್ತಾಗಿತ್ತು.

ಕಾಳನ್ನು ಕಂಡುಹಿಡಿದ ಡಾ. ಸಿಂಚನಾ ಇನ್ನೂ ವಾರಕ್ಕೆರಡು ದಿನ ರೋಗಿಗಳನ್ನು ನೋಡುತ್ತಿದ್ದರು. ಅವರು ಹುಟ್ಟಿದ ಕಾಲದಲ್ಲಿ ತರಗತಿಗೆ ಮೂವರು ಸಿಂಚನಾ ಇರುತ್ತಿದ್ದರು, ಈಗ ಅದು ಅಜ್ಜಿಯರ ಹೆಸರು. ಹೊಗಳಿಕೆ, ಸನ್ಮಾನ, ಶಾಲು ಎಲ್ಲ ಮುಗಿದು ಅವರಿಗೆ ಉಳಿದದ್ದು ಬೆನ್ನುನೋವು ಮತ್ತು ಮುಗಿಯದ ರೋಗಿಗಳ ಸಾಲು. ಅವರ ಮೇಜಿನ ಎದುರು ಎರಡು ಕುರ್ಚಿಗಳಿದ್ದವು. ಒಂದರಲ್ಲಿ ಚಾರ್ವಿ ಕೂತಳು, ಇನ್ನೊಂದರಲ್ಲಿ ರಂಜಿತಾ.

"ನೋವು ಹೇಗಿದೆ?" ಎಂದರು ಸಿಂಚನಾ, ಪರದೆಯ ಮೇಲೆ ಕಣ್ಣಾಡಿಸುತ್ತ.

"ಒಂಚೂರೂ ಇಲ್ಲ ಡಾಕ್ಟ್ರೇ, ನಿಮ್ಮ ಪುಣ್ಯ," ಎಂದರು ರಂಜಿತಾ.

"ಮೈ ಬಿಸಿ? ನಿದ್ದೆ?"

"ಮೊದ್ಲು ಬೆವರ್ತಿದ್ಲು, ಈಗ ಪರವಾಗಿಲ್ಲ."

"ಡಾಕ್ಟ್ರೇ," ಎಂದಳು ಚಾರ್ವಿ, "ನಂಗೆ ಹತ್ತರಿಂದ ಆರಕ್ಕೆ ಇಳಿಸ್ಬೇಕು."

ಸಿಂಚನಾ ಪರದೆಯಿಂದ ತಲೆಯೆತ್ತಿದರು. ರಂಜಿತಾ ಮಗಳ ಕಡೆ ತಿರುಗಿದರು. ಈ ವಿಷಯ ಅವರಿಗೂ ಹೊಸದು.

"ವಾಸನೆ ಸರಿಯಾಗಿ ಬರ್ತಿಲ್ಲ," ಎಂದಳು ಚಾರ್ವಿ. "ಮಲ್ಲಿಗೆ ಅಂದ್ರೆ ಮಲ್ಲಿಗೆ ಅಂತ ಗೊತ್ತಾಗುತ್ತೆ, ಅಷ್ಟೇ. ಬೆಳಿಗ್ಗೆ ಬಿಡಿಸಿದ್ದಾ, ನಿನ್ನೇದಾ, ಜೊತೇಲಿ ಇನ್ನೇನು ಬೆರೆತಿದೆ, ಏನು ಹಳಸಿದೆ, ಅದೆಲ್ಲ ಹೋಯ್ತು. ಮೊದ್ಲು ಮುಟ್ಟಿಗೆ ಒಂದ್ ವಾರ ಇದ್ದಾಗ ನನ್ನ ಮೂಗು ಹೇಗಿರ್ತಿತ್ತು ಗೊತ್ತಾ? ಬೀದಿ ಕೊನೇ ಮನೇಲಿ ಒಗ್ಗರಣೆಗೆ ಇಂಗು ಹಾಕಿದ್ರೆ ನಂಗೆ ಗೊತ್ತಾಗ್ತಿತ್ತು. ನಾನು ಒಳ್ಳೇ ಗಂಧ ಅಂತ ಬೆರೆಸಿದ್ದೆಲ್ಲ ಆ ದಿನಗಳಲ್ಲೇ."

ಹಾರ್ಮೋನಿನ ಏರಿಳಿತಕ್ಕೂ ಮೂಗಿಗೂ ನಂಟಿರಬಹುದೆಂದು ಸಿಂಚನಾ ಎಲ್ಲೋ ಓದಿದ್ದರು. ಕಾಳು ಆ ಏರಿಳಿತವನ್ನೇ ತಟ್ಟಿ ಸಮ ಮಾಡಿಬಿಡುತ್ತದೆ. ಆದರೆ ಪ್ರಯೋಗದ ಕಾಲದಲ್ಲಿ ಅವರು ಹೆಂಗಸರನ್ನು ಮೂಳೆಯ ಬಗ್ಗೆ ಕೇಳಿದ್ದರು, ತೂಕದ ಬಗ್ಗೆ ಕೇಳಿದ್ದರು, ಮಂಪರಿನ ಬಗ್ಗೆ ಕೇಳಿದ್ದರು. ವಾಸನೆಯ ಬಗ್ಗೆ ಯಾರನ್ನೂ ಕೇಳಿರಲಿಲ್ಲ.

"ಇಳಿಸಿದ್ರೆ ವಾಸನೆ ವಾಪಸ್ ಬರುತ್ತೆ ಅಂತ ನಾನು ಮಾತು ಕೊಡಕ್ಕಾಗಲ್ಲ," ಎಂದರು. "ನೋವು ಬರೋದು ಮಾತ್ರ ಗ್ಯಾರಂಟಿ. ಮೊದಲಿನಷ್ಟಲ್ಲ, ಆದ್ರೆ ಬರುತ್ತೆ. ಪದರ ಮತ್ತೆ ಬೆಳೀಬಹುದು. ಆಗಾಗ ಸ್ಕ್ಯಾನ್ ಮಾಡ್ತಾ ಇರ್ಬೇಕು."

"ಗೊತ್ತು. ನಂಗೇನು ನೋವು ಬೇಕು ಅಂತಲ್ಲ ಡಾಕ್ಟ್ರೇ. ಎಷ್ಟು ಕೊಟ್ಟು ಎಷ್ಟು ಇಟ್ಕೋಬೇಕು ಅಂತ ನಾನು ನೋಡ್ಕೋತೀನಿ ಅಂತಿದೀನಿ."

ಸಿಂಚನಾ ಮೇಜಿನ ಮೇಲಿದ್ದ ಗಾಜಿನ ಬಿಲ್ಲೆಯನ್ನು ಮುಂದಕ್ಕೆ ಸರಿಸಿದರು. ಕಾಳು ಹಾಕಿಸಿಕೊಂಡವರ ಮನೆಗಳಲ್ಲೂ ಇಂಥದೇ ಬಿಲ್ಲೆ ಇರುತ್ತದೆ. ಕಾಳಿನ ಮೆಟ್ಟಿಲು ಬದಲಿಸಲು ಅದರ ಮೇಲೆ ಎರಡು ಹೆಬ್ಬೆಟ್ಟು ಒತ್ತಬೇಕು, ಒಂದು ರೋಗಿಯದು, ಇನ್ನೊಂದು ಕಾಳು ಹಾಕಿಸಿದ ದಿನ ಜೊತೆಯಲ್ಲಿ ಬಂದವರದು. ಚಾರ್ವಿ ಒತ್ತಿದಳು. ರಂಜಿತಾ ಎರಡೂ ಕೈಗಳನ್ನು ಸೆರಗಿನಡಿ ಇಟ್ಟುಕೊಂಡರು.

"ನಾನ್ ಒತ್ತಲ್ಲ."

"ಅಮ್ಮಾ."

"ಒತ್ತಲ್ಲ ಅಂದ್ನಲ್ಲ. ನೀನು ಬಾತ್‌ರೂಮಲ್ಲಿ ಬಿದ್ದು ಹೊರಳಾಡ್ತಿದ್ದೆ, ನಾನು ಬಾಗಿಲಾಚೆ ನಿಂತ್ಕೊಂಡು ವರ್ಷಗಟ್ಲೆ ಕೇಳಿದೀನಿ. ಪರೀಕ್ಷೆ ಬಿಟ್ಟೆ, ಗೊತ್ತಾದ ಮದುವೆ ಬಿಟ್ಟೆ. ನಿಮ್ಮಪ್ಪ ಹೋದ ದಿನಾನೂ ನೀನು ಎದ್ದು ಕೂರೋ ಸ್ಥಿತೀಲಿ ಇರ್ಲಿಲ್ಲ. ಈಗ ನಾಲ್ಕು ವರ್ಷದಿಂದ ಹಸಿರು ಚುಕ್ಕಿ ನೋಡ್ಕೊಂಡು ನೆಮ್ಮದಿಯಾಗಿದೀನಿ. ಮೂಗು ಹೋದ್ರೆ ಹೋಗ್ಲಿ ಬಿಡು."

"ಮೂಗು ನಿಂದಲ್ಲ ಅಮ್ಮ."

"ನೋವು ನೋಡಿದ್ದು ನಾನಲ್ವಾ?"

"ನೋಡಿದ್ದು ನೀನು. ಪಟ್ಟಿದ್ದು ನಾನು."

ರಂಜಿತಾರಿಗೆ ಆ ಮಾತು ಚುಚ್ಚಿತು. ಕಣ್ಣು ತುಂಬಿಕೊಂಡು ಎದ್ದವರು, ವೈದ್ಯರಿಗೆ ಕೈಮುಗಿಯುವುದನ್ನೂ ಮರೆತು ಹೊರಗೆ ಹೋಗಿ ಬೆಂಚಿನ ಮೇಲೆ ಕೂತರು.

ಎರಡನೇ ಹೆಬ್ಬೆಟ್ಟು ಸಿಂಚನಾರದೇ ಯೋಚನೆ. ಪ್ರಯೋಗದ ದಿನಗಳಲ್ಲಿ ಹೆಂಗಸರು ಅರ್ಧಕ್ಕೇ ಬಿಟ್ಟುಹೋಗುತ್ತಿದ್ದರು. ಒಬ್ಬಳಿಗೆ ನೋವು ಹೋಯಿತು, ಗುಣವಾಯಿತೆಂದು ಬಿಟ್ಟಳು. ಇನ್ನೊಬ್ಬಳಿಗೆ ಅತ್ತೆ ದಪ್ಪಗಾದೆ ಎಂದಳು, ಅವಳೂ ಬಿಟ್ಟಳು. ಮತ್ತೆ ಬಂದಾಗ ಅವರ ಸ್ಥಿತಿ ನೋಡಲಾಗುತ್ತಿರಲಿಲ್ಲ. ಆಗ ಸಿಂಚನಾ ಒಂದು ಸಂಗತಿ ಗಮನಿಸಿದರು: ಈ ಕಾಯಿಲೆಗೆ ನಮ್ಮ ಕಡೆ ಹೆಣ್ಣು ಒಬ್ಬಳೇ ಬರುವುದಿಲ್ಲ. ಅಮ್ಮ ಬರುತ್ತಾಳೆ, ಅತ್ತೆ ಬರುತ್ತಾಳೆ, ಗಂಡ ಬಂದು ಹೊಸಿಲಲ್ಲಿ ಫೋನು ನೋಡುತ್ತ ನಿಲ್ಲುತ್ತಾನೆ. ಅದಕ್ಕೇ ಇಲ್ಲಿ ವೈದ್ಯರ ಮುಂದೆ ಎರಡು ಕುರ್ಚಿ. ಪರದೇಶದ ತಜ್ಞರ ಲೆಕ್ಕದಲ್ಲಿ ಎರಡನೇ ಕುರ್ಚಿ ಇರಲೇ ಇಲ್ಲ. ಸಿಂಚನಾ ಅದನ್ನು ಲೆಕ್ಕಕ್ಕೆ ತಂದರು. ಜೊತೆಗೆ ಬಂದವರಿಗೂ ಒಂದು ಹೆಬ್ಬೆಟ್ಟು, ಒಂದು ಹಸಿರು ಚುಕ್ಕಿ ಕೊಟ್ಟರೆ ಹೊಣೆ ಹಂಚಿಹೋಗುತ್ತದೆ, ಯಾರೂ ದುಡುಕಿ ಬಿಡುವುದಿಲ್ಲ ಎಂದುಕೊಂಡರು. ಅರ್ಧಕ್ಕೆ ಬಿಡುವವರು ನಿಜವಾಗಿಯೂ ಕಡಿಮೆಯಾದರು. ನಮ್ಮ ಮಣ್ಣಿನ ವಿಜ್ಞಾನ ಎಂದು ಪತ್ರಿಕೆಗಳು ಬರೆದವು.

ಆಮೇಲೆ ದೂರಿನ ಫೋನುಗಳು ಬರತೊಡಗಿದವು. ಮದುವೆ, ಗೃಹಪ್ರವೇಶ ಬಂದರೆ ಮುಟ್ಟು ಮುಂದೂಡಲು ಹೆಂಗಸರು ಮಾತ್ರೆ ನುಂಗುವುದು ಹಳೆಯ ರೂಢಿ. ಈಗ ಹಬ್ಬದ ಹಿಂದಿನ ವಾರ ಅತ್ತೆಯಂದಿರು ಸೊಸೆಯಂದಿರ ಕೈಹಿಡಿದು ಬಿಲ್ಲೆಗೆ ಒತ್ತಿಸಿ ಹತ್ತಕ್ಕೆ ಏರಿಸುತ್ತಿದ್ದರು. ಮಗು ಬೇಕೆಂದ ಹೆಂಡತಿಗೆ ಗಂಡ ಹೆಬ್ಬೆಟ್ಟು ಕೊಡಲಿಲ್ಲ. ಗಂಡನ ಪಕ್ಕ ಮಲಗಿದರೆ ಮೈ ಒಣಗಿ ನೋಯುತ್ತದೆ, ಇಳಿಸಿ ಎಂದವಳಿಗೆ ಅದನ್ನು ಅಪ್ಪನ ಎದುರು ಹೇಳಲು ಬಾಯಿ ಬರಲಿಲ್ಲ, ಏಕೆಂದರೆ ಎರಡನೇ ಹೆಬ್ಬೆಟ್ಟು ಅಪ್ಪನದಾಗಿತ್ತು. ಸಿಂಚನಾ ಎಲ್ಲವನ್ನೂ ಕೇಳಿ ಸಮಿತಿಗೆ ಕಳಿಸುತ್ತಿದ್ದರು. ಸಮಿತಿ ಪರಿಶೀಲಿಸುತ್ತಿತ್ತು. ಹೀಗೆಯೇ ವರ್ಷಗಳು ಹೋಗಿದ್ದವು.

ಈಗ ಎದುರಿನ ಕುರ್ಚಿಯಲ್ಲಿ ಚಾರ್ವಿ ಇನ್ನೂ ಕೂತಿದ್ದಳು. ಹೊರಗೆ ಬೆಂಚಿನಲ್ಲಿ ರಂಜಿತಾ ಮೂಗೆಳೆಯುವುದು ಕೇಳಿಸುತ್ತಿತ್ತು. ಆ ತಾಯಿಯ ಮೇಲೆ ಸಿಟ್ಟು ಮಾಡಿಕೊಳ್ಳಲು ಸಿಂಚನಾರಿಂದ ಆಗಲಿಲ್ಲ.

"ನೋಡಮ್ಮ," ಎಂದರು ದನಿ ತಗ್ಗಿಸಿ. "ಕಾಳು ಮಾಡಿದವಳು ಅಂತ ನನ್ನ ಹೆಬ್ಬೆಟ್ಟೂ ಅದರಲ್ಲಿದೆ. ಯಾರ ಬದಲಿಗೆ ಬೇಕಾದ್ರೂ ನಡೆಯುತ್ತೆ. ಇದುವರೆಗೆ ಬಳಸಿಲ್ಲ. ನಿಂಗೋಸ್ಕರ ಒತ್ತುತೀನಿ."

ಚಾರ್ವಿ ತಲೆಯಲ್ಲಾಡಿಸಿದಳು.

"ಬೇಡ ಡಾಕ್ಟ್ರೇ. ಇವತ್ತು ನೀವು ಒತ್ತುತೀರ. ಆರು ಸಾಲಲ್ಲ, ಏಳಾಗ್ಬೇಕು ಅಂತ ನಾಳೆ ಅನ್ಸಿದ್ರೆ? ಮತ್ತೆ ನಿಮ್ಮ ಹತ್ರ ಬರ್ಬೇಕು. ನೀವೂ ಒಳ್ಳೇವ್ರು, ಅಮ್ಮಾನೂ ಒಳ್ಳೇವ್ಳೇ. ಒಳ್ಳೇವ್ರ ಹತ್ರ ಬೇಡಿ ಬೇಡಿ ಸಾಕಾಗಿದೆ ನಂಗೆ."

ಅವಳು ಎದ್ದು ಹೋದಮೇಲೆ ಸಿಂಚನಾ ಬಿಲ್ಲೆಯನ್ನು ಹಿಂದಕ್ಕೆ ಎಳೆದುಕೊಂಡರು. ಮಾಡಬೇಕಾದ ಕೆಲಸ ಯಾವುದೆಂದು ಅವರಿಗೆ ಗೊತ್ತಿತ್ತು, ಬಹಳ ದಿನಗಳಿಂದಲೇ ಗೊತ್ತಿತ್ತು. ಅದಕ್ಕಾಗಿ ಆಡಬೇಕಾದ ಜಗಳ ನೆನೆದೇ ಮೈಕೈ ನೋಯುತ್ತಿತ್ತು.

ಜಗಳ ಆಡಿದರು. ಕಾಳು ತಯಾರಿಸುವ ಕಂಪನಿಯವರು ಮರ್ಯಾದೆಯಿಂದಲೇ ಮಾತಾಡಿದರು. "ನೋವಲ್ಲಿರೋ ಹೆಂಗಸು ಸರಿಯಾಗಿ ಯೋಚನೆ ಮಾಡಲ್ಲ ಅಂತ ನೀವೇ ಬರೆದಿದೀರಲ್ಲ ಮೇಡಂ," ಎಂದರು ಒಬ್ಬರು.

"ಬರೆದಿದ್ದೆ. ಈಗ ತಪ್ಪು ಅಂತಿದೀನಿ. ನಿಮ್ಮ ಬೀಪಿ ಮಾತ್ರೆಗೆ ನಿಮ್ಮ ಹೆಂಡ್ತಿ ಹೆಬ್ಬೆಟ್ಟು ಕೇಳ್ತಾರಾ?"

"ಅದು ಬೇರೆ ಮೇಡಂ."

"ಹೇಗೆ ಬೇರೆ?"

ಒಬ್ಬರು ಎಲ್ಲರಿಗೂ ಕಾಫಿ ತರಿಸಿದರು. ಆ ಸಭೆಯಲ್ಲೂ ತೀರ್ಮಾನವಾಗಲಿಲ್ಲ, ಮುಂದಿನದರಲ್ಲೂ ಆಗಲಿಲ್ಲ. ಎರಡನೇ ಹೆಬ್ಬೆಟ್ಟು ತೆಗೆಯದಿದ್ದರೆ ಕಾಳಿನಿಂದ ತನ್ನ ಹೆಸರನ್ನೇ ತೆಗೆಯುತ್ತೇನೆ ಎಂದು ಸಿಂಚನಾ ಹೇಳಿದ ಮೇಲೆ, ಹೆಸರಿಗೆ ಮಾರುಕಟ್ಟೆಯಲ್ಲಿ ಬೆಲೆಯಿದ್ದುದರಿಂದ, ಕೆಲಸವಾಯಿತು. ಅಷ್ಟರಲ್ಲಿ ಯುಗಾದಿ ಕಳೆದಿತ್ತು. ಇಲಿಯಾಸ್ ಸಾಹೇಬರ ಕಾರ್ಖಾನೆಗೆ ಯಂತ್ರ ಬಂದಿತ್ತು, ಚಾರ್ವಿ ಪ್ಯಾಕಿಂಗಿನಲ್ಲಿ ಡಬ್ಬಿ ಎಣಿಸುತ್ತಿದ್ದಳು.

ಒಂದು ಬೆಳಿಗ್ಗೆ ರಾಜ್ಯದ ಎಲ್ಲ ಕಾಳುಗಳೂ ಒಂದೇ ಹೆಬ್ಬೆಟ್ಟಿಗೆ ತಿರುಗಿದವು. ಅದರಿಂದ ಎಲ್ಲರಿಗೂ ಸುಖವಾಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಕೆಲವರು ಖುಷಿಗೆ ಒಮ್ಮೆಲೇ ಒಂದಕ್ಕೆ ಇಳಿಸಿ, ವಾರದೊಳಗೆ ಆಸ್ಪತ್ರೆ ಸೇರಿದರು. ಕೆಲವರು ಕಾಳನ್ನು ತೆಗೆಸಿಯೇಬಿಟ್ಟರು. ಬಹಳ ಮಂದಿ ಹತ್ತರಲ್ಲೇ ಉಳಿದರು, ತಮಗೆ ಅದೇ ಹಿತವೆಂದರು, ಅದೂ ಅವರಿಷ್ಟ. ಸೊಸೆ ತನ್ನನ್ನು ಕೇಳದೆ ಇಳಿಸಿಕೊಂಡಳೆಂದು ಒಬ್ಬ ಅತ್ತೆ ಆಸ್ಪತ್ರೆಯ ಬಾಗಿಲಲ್ಲಿ ಕೂಗಾಡಿದರು. ನಮ್ಮ ಮಣ್ಣಿನ ವಿಜ್ಞಾನ ಎಂದಿದ್ದ ಪತ್ರಿಕೆಗಳೇ ಈಗ ಮನೆಮುರುಕ ಕಾಳು ಎಂದು ಬರೆದವು. ಸಿಂಚನಾ ಎರಡನ್ನೂ ಓದಿ ಮಡಿಸಿಟ್ಟರು.

ರಂಜಿತಾರ ಫೋನಿಗೆ ಹಸಿರು ಚುಕ್ಕಿ ಬರುವುದು ನಿಂತಿತು. ಚಾರ್ವಿ ಆರಕ್ಕೆ ಇಳಿಸಿಕೊಂಡಿದ್ದಳು, ಅಮ್ಮನಿಗೆ ಹೇಳಿಯೇ. ತಾಯಿ ಮಗಳ ನಡುವೆ ಮಾತು ಅಡುಗೆ, ಹಾಲು, ಗ್ಯಾಸು ಇಷ್ಟಕ್ಕೇ ನಿಂತಿತ್ತು. ಎರಡನೆಯ ತಿಂಗಳು, ಒಂದು ಭಾನುವಾರ ಬೆಳಿಗ್ಗೆ ಮಗಳು ಬಾತ್‌ರೂಮಿಗೆ ಹೋದವಳು ಹೊರಗೆ ಬರಲಿಲ್ಲ. ರಂಜಿತಾ ಅಭ್ಯಾಸದಿಂದ ಫೋನು ಕೈಗೆತ್ತಿಕೊಂಡರು. ಅದರಲ್ಲಿ ಏನೂ ಇರಲಿಲ್ಲ. ಹಾಲನ್ನು ಒಲೆಯ ಮೇಲೇ ಬಿಟ್ಟು ಬಂದು ಬಾಗಿಲ ಮುಂದೆ ನಿಂತರು. ತಟ್ಟಲು ಕೈಯೆತ್ತಿದರು, ಇಳಿಸಿದರು. ಕೇಳುವುದು ಹೇಗೆಂದೇ ಮರೆತುಹೋದಂತಾಗಿತ್ತು.

"ಚಾರೂ," ಎಂದರು ಕೊನೆಗೆ. "ಹೇಗಿದೀಯೆ?"

ಒಳಗೆ ನಲ್ಲಿಯ ನೀರು ನಿಂತಿತು.

"ನೋಯ್ತಿದೆ ಅಮ್ಮ."

"ತುಂಬಾನಾ?"

"ಮೊದಲಿನಷ್ಟಿಲ್ಲ. ಆದ್ರೂ ನೋಯ್ತಿದೆ."

ಏರಿಸಿಕೋ ಎಂಬ ಮಾತು ರಂಜಿತಾರ ನಾಲಿಗೆಯ ಮೇಲೆಯೇ ಇತ್ತು. ಅದನ್ನು ನುಂಗಿಕೊಳ್ಳಲು ಅವರು ಪಟ್ಟ ಕಷ್ಟ ಯಾವ ಕಾಳಿಗೂ ಅಳೆಯಲು ಬರುವುದಿಲ್ಲ. ಬಾಗಿಲ ಪಕ್ಕದ ಗೋಡೆಗೊರಗಿ ನೆಲದ ಮೇಲೆ ಕೂತರು.

"ನಾನೇನ್ ಮಾಡ್ಲಿ? ನೀನೇ ಹೇಳು," ಎಂದರು.

"ಬಿಸಿನೀರಿನ ಚೀಲ ತಂದ್ಕೊಡು." ಒಳಗೆ ಒಂದು ದೀರ್ಘ ಉಸಿರು. ಆಮೇಲೆ, "ಅಮ್ಮಾ, ಹಾಲು ತಳ ಹಿಡೀತಿದೆ ನೋಡು."

ರಂಜಿತಾ ಮೂಗರಳಿಸಿದರು. ಅವರಿಗೆ ಏನೂ ವಾಸನೆ ಬರಲಿಲ್ಲ. ಅಡುಗೆಮನೆ ಪಡಸಾಲೆಯ ಆಚೆಗಿತ್ತು, ಬಾತ್‌ರೂಮಿನ ಬಾಗಿಲು ಮುಚ್ಚಿತ್ತು. ಎದ್ದು ಹೋಗಿ ನೋಡಿದರು. ಹಾಲು ಇನ್ನೂ ಉಕ್ಕಿರಲಿಲ್ಲ, ಸೌಟಿನಿಂದ ಕೆದಕಿದಾಗ ತಳದಲ್ಲಿ ಆಗತಾನೇ ಕಂದುಬಣ್ಣದ ಒಂದು ಪರೆ ಎದ್ದಿತ್ತು. ರಂಜಿತಾ ಒಲೆಯಾರಿಸಿ, ಸೌಟು ಹಿಡಿದುಕೊಂಡೇ ಅತ್ತರು. ಆಮೇಲೆ ಬಿಸಿನೀರಿಗಿಟ್ಟರು.

ಮುಂದಿನ ಬಾರಿ ಆಸ್ಪತ್ರೆಗೆ ಬಂದಾಗ ರಂಜಿತಾ ತಾವಾಗಿಯೇ ಹೊರಗಿನ ಬೆಂಚಿನಲ್ಲಿ ಕೂತರು. ಚಾರ್ವಿ ಒಬ್ಬಳೇ ಒಳಗೆ ಬಂದಳು. ಇಲಿಯಾಸ್ ಸಾಹೇಬರು ಯಂತ್ರದ ಪಕ್ಕ ಅವಳಿಗೊಂದು ಮೇಜು ಹಾಕಿಸಿಕೊಟ್ಟಿದ್ದರು, ತಿಂಗಳಲ್ಲಿ ಕೆಲವು ದಿನ ಯಂತ್ರಕ್ಕಿಂತ ಮೊದಲು ಅವಳನ್ನು ಕೇಳುತ್ತಿದ್ದರು. ಮೂಗು ಪೂರ್ತಿ ಬಂದಿರಲಿಲ್ಲ. ನೋವೂ ಪೂರ್ತಿ ಹೋಗಿರಲಿಲ್ಲ. ಮುಖ ಬಾಡಿತ್ತು, ಕಣ್ಣು ಮಾತ್ರ ಎಚ್ಚರವಾಗಿತ್ತು.

"ಹೇಗಿದೆ?" ಎಂದು ಕೇಳಿದ ಸಿಂಚನಾ, ಉತ್ತರಕ್ಕಾಗಿ ತಮ್ಮ ಕಣ್ಣು ಎತ್ತ ಹೋಯಿತೆಂದು ಕಂಡು ಬೆಚ್ಚಿದರು. ಅದು ಹೋಗಿ ನಿಂತದ್ದು ಎರಡನೇ ಕುರ್ಚಿಯ ಮೇಲೆ. ಅಲ್ಲಿ ಯಾರೂ ಇರಲಿಲ್ಲ.

ಈ ಅಭ್ಯಾಸ ಕಾಳಿನಿಂದ ಬಂದದ್ದಲ್ಲ. ಮಾತ್ರೆ ಇಂಜೆಕ್ಷನ್ನುಗಳ ಕಾಲದಲ್ಲಿ, ಈ ಶತಮಾನದ ಇಪ್ಪತ್ತರ ದಶಕದಲ್ಲಿ, ಅವರಿನ್ನೂ ಎಳೆಯ ವೈದ್ಯೆಯಾಗಿ ಹಿರಿಯರ ಪಕ್ಕ ನಿಂತು ಕೆಲಸ ಕಲಿಯುತ್ತಿದ್ದಾಗಲೇ ಬಂದದ್ದು. ಪ್ರಶ್ನೆ ಹುಡುಗಿಗೆ, ನೋಟ ಅವಳ ಪಕ್ಕದವರತ್ತ. ಈ ಮದ್ದಿನಿಂದ ಹೀಗಾಗಬಹುದು, ಹಾಗಾಗಬಹುದು, ಆದೀತಾ ಎಂದು ಕೇಳಿದರೆ ಆದೀತು ಎನ್ನುತ್ತಿದ್ದುದು ಎರಡನೇ ಕುರ್ಚಿ. ಹುಡುಗಿ ತನ್ನ ಬ್ಯಾಗಿನ ಜಿಪ್ಪನ್ನು ಎಳೆಯುತ್ತ, ಬಿಡುತ್ತ ಕೂತಿರುತ್ತಿದ್ದಳು. ಆಗ ಬಿಲ್ಲೆ ಇರಲಿಲ್ಲ, ಹೆಬ್ಬೆಟ್ಟೂ ಇರಲಿಲ್ಲ. ಇದ್ದದ್ದು ಒಂದು ನೋಟ. ಸಿಂಚನಾ ಆ ನೋಟವನ್ನು ಯಂತ್ರಕ್ಕೆ ಕಲಿಸಿದ್ದರು, ಅಷ್ಟೇ.

ಅವರು ಕಣ್ಣನ್ನು ಚಾರ್ವಿಯ ಮುಖಕ್ಕೆ ತಂದು ನಿಲ್ಲಿಸಿದರು.

"ಹೇಗಿದೀಯಮ್ಮ?" ಎಂದು ಮತ್ತೊಮ್ಮೆ ಕೇಳಿದರು, ಅವಳು ಬಾಯಿ ತೆರೆಯುವವರೆಗೆ ಕಾದರು.